ಸಿಟ್ಟು ಇಳಿದ ಮೇಲೆ ಶಿವ ಹೇಳಿದ್ದು

ಪುರಾಣದಲ್ಲಿ ಇಲ್ಲದ್ದನ್ನು ಇದೆ ಎಂದು ನಾನು ಓದಿದ್ದೇನೆ. ಅದೂ ಶ್ರಾವಣದಲ್ಲಿ, ತಲೆಗೆ ನೀರು ಹಾಕಿಕೊಂಡು, ದೀಪದ ಮುಂದೆ ಕುಳಿತು. ಆ ಪುಸ್ತಕದ ಕೊನೆಯಲ್ಲಿ ಯಾವ ತಪ್ಪಿಗೆ ನರಕದಲ್ಲಿ ಯಾವ ಶಿಕ್ಷೆ ಎಂಬ ಉದ್ದನೆಯ ಪಟ್ಟಿಯೇ ಇತ್ತು. ಹುಡುಕಿ ನೋಡಿದೆ, ನನ್ನ ತಪ್ಪು ಅದರಲ್ಲಿ ಇರಲಿಲ್ಲ.

ಎರಡು ಸಾವಿರದ ಇಸವಿ ದಾಟಿ ಮೂರ್ನಾಲ್ಕು ವರ್ಷವಾಗಿರಬೇಕು. ಹಾವೇರಿಯ ನಾನು ಬ್ಯಾಡಗಿಗೆ ಸೊಸೆಯಾಗಿ ಬಂದಿದ್ದೆ. ಗಂಡನಿಗೆ ಮೆಣಸಿನಕಾಯಿ ಪೇಟೆಯಲ್ಲಿ ಅಂಗಡಿ. ಮಾವ ನಾನು ಬರುವ ಮೊದಲೇ ತೀರಿಕೊಂಡಿದ್ದರು. ಮನೆಯಲ್ಲಿ ಉಳಿದವರು ಗಂಡ, ಅತ್ತೆ, ನಾನು. ಶ್ರಾವಣ ಬಂತೆಂದರೆ ನಮ್ಮಲ್ಲಿ ಪುರಾಣ ಹಚ್ಚುತ್ತಿದ್ದರು. ತಿಂಗಳಿಡೀ ದಿನಾ ಸಂಜೆ ಒಂದು ಅಧ್ಯಾಯ ಗಟ್ಟಿಯಾಗಿ ಓದುವುದು, ಓಣಿಯ ನಾಲ್ಕಾರು ಹೆಂಗಸರು ಬಂದು ಬತ್ತಿ ಹೊಸೆಯುತ್ತ ಕೇಳುವುದು. ಮೊದಲು ಓದುತ್ತಿದ್ದವರು ಅತ್ತೆಯೇ, ನಾಲ್ಕನೇ ಇಯತ್ತೆವರೆಗೆ ಕಲಿತವರು. ಕಣ್ಣಿಗೆ ಪೊರೆ ಬಂದು ಅಕ್ಷರ ಕಾಣದಾದ ಮೇಲೆ ಪುಸ್ತಕ ನನ್ನ ತೊಡೆಯ ಮೇಲೆ ಬಂತು.

"ಬಿ.ಎ. ಓದೀದಿ, ಪುರಾಣಾ ಓದಾಕ ಏನ ದಾಡಿ?" ಎಂದರು. ಅಲ್ಲಿಗೆ ತೀರ್ಮಾನವಾಯಿತು.

ರಾಣೇಬೆನ್ನೂರಿನ ಕಣ್ಣಿನ ಡಾಕ್ಟರು ಅತ್ತೆಯನ್ನು ನೋಡಿ, ಪೊರೆ ಬಲಿತಿದೆ, ತೆಗೆದರೆ ಚೆನ್ನಾಗಿ ಕಾಣುತ್ತದೆ, ತಡ ಮಾಡಿದರೆ ಹೇಳಲಾಗುವುದಿಲ್ಲ ಎಂದಿದ್ದರು. ಅತ್ತೆ ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ಹೆದರಿಕೆ ಇರಬೇಕು ಎಂದುಕೊಂಡೆ. ಅದಲ್ಲವೆಂದು ತಿಳಿದದ್ದು ಒಂದು ದಿನ ಮೆಂತ್ಯಪಲ್ಯ ಸೋಸುವಾಗ. ಬೆರಳಿನಿಂದಲೇ ಎಲೆ ಬಿಡಿಸುತ್ತ ಅವರೇ ಹೇಳಿದರು.

ನಮ್ಮ ಮನೆದೇವರು ವೀರಭದ್ರ. ಮದುವೆಯ ಮುಂಚೆ ಗುಗ್ಗಳ ಮಾಡಬೇಕು, ಅಂದರೆ ಮಡಕೆಯಲ್ಲಿ ಬೆಂಕಿ ಹೊತ್ತಿಸಿ ವಾದ್ಯದೊಡನೆ ಗುಡಿಗೆ ಒಯ್ದು ದೇವರ ಸಿಟ್ಟನ್ನು ತಣಿಸಬೇಕು. ಅತ್ತೆಯ ಹಿರಿಯ ಮಗಳ ಮದುವೆಯಲ್ಲಿ ಮುಹೂರ್ತ ನಸುಕಿನಲ್ಲೇ ಇತ್ತು. ಹೊತ್ತಿಲ್ಲ, ಆಮೇಲೆ ಮಾಡಿದರಾಯಿತು ಎಂದು ಮಾವ ಬಿಟ್ಟುಬಿಟ್ಟರು. ಅತ್ತೆಗೆ ಮನಸ್ಸು ಒಪ್ಪಲಿಲ್ಲ, ಆದರೆ ಗಂಡನೆದುರು ಬಾಯಿ ತೆರೆಯಲಿಲ್ಲ. ವರ್ಷ ತುಂಬುವುದರೊಳಗೆ ಆ ಮಗಳು ಚೊಚ್ಚಲ ಹೆರಿಗೆಯಲ್ಲಿ ತೀರಿಕೊಂಡಳು.

"ನಾ ಸುಮ್ಮನ ನೋಡ್ಕೋತ ಕುಂತೆನವಾ. ನೋಡ್ಕೋತ ಕುಂತ ಕಣ್ಣು ಇವು. ಅಂವಾ ಮುಚ್ಚಾಕತ್ತಾನ. ತೆರ್ಯಾಕ ಡಾಕ್ಟರ ಯಾರು?"

ನನ್ನ ಗಂಡ ಕಾಲು ಹಿಡಿಯುವುದೊಂದು ಬಾಕಿ. "ವಯಸ್ಸಾದವ್ರಿಗೆಲ್ಲಾ ಬರತೈತಿ ಬೇ ಇದು," ಎಂದರೆ, "ಎಲ್ಲಾರೂ ಏನರೆ ಒಂದು ಮಾಡೇ ಇರತಾರಪಾ," ಎಂದು ಅವನ ಬಾಯಿ ಮುಚ್ಚಿಸಿದರು.

ದೇವರ ಸಿಟ್ಟಿನ ಬಗ್ಗೆ ನನಗೆ ಗೌರವ ಕಡಿಮೆ. ಕಾರಣ ನನ್ನ ಅಪ್ಪ. ಹಾವೇರಿಯ ಮನೆಯಲ್ಲಿ ಸಾರಿಗೆ ಉಪ್ಪು ಹೆಚ್ಚಾದರೆ ಉಣ್ಣುವ ಗಂಗಾಳ ಅಂಗಳಕ್ಕೆ ಹಾರುತ್ತಿತ್ತು. ಅವ್ವ ಬಾಗಿ ಅನ್ನ ಬಳಿಯುತ್ತಿದ್ದಳು. "ಸಿಟ್ಟೊಂದ ನೋಡ, ಮನಸ್ಸು ಬಾಳ ಚೊಲೋ," ಎಂದು ಬಂಧುಬಳಗವೆಲ್ಲ ಹೇಳುತ್ತಿತ್ತು. ಸಿಟ್ಟು ಇಳಿದ ಮೇಲೆ ಅಪ್ಪ ತಪ್ಪಾಯಿತು ಎಂದದ್ದು ನಾನು ಕೇಳಿಲ್ಲ. ಸಂಜೆ ಬರುವಾಗ ಕಾಗದದಲ್ಲಿ ಸುತ್ತಿದ ಮಿರ್ಚಿ ಭಜಿ ತರುತ್ತಿದ್ದ. ಅವ್ವ ಅದನ್ನು ತಿನ್ನುತ್ತಿದ್ದಳು. ನಾನೂ ತಿನ್ನುತ್ತಿದ್ದೆ, ಭಜಿಯ ಮೇಲೆ ಏನು ಸಿಟ್ಟು?

ಪುರಾಣ ಓದತೊಡಗಿದಾಗ ಅಪ್ಪನ ಪರಿಚಯ ನನಗೆ ಉಪಯೋಗಕ್ಕೆ ಬಂತು. ಪೂಜೆಯಲ್ಲಿ ಒಂದು ಹೂವು ತಪ್ಪಿದ್ದಕ್ಕೆ ಶಾಪ, ಋಷಿ ಬಂದಾಗ ಎದ್ದು ನಿಲ್ಲದ್ದಕ್ಕೆ ಏಳು ಜನ್ಮದ ಶಿಕ್ಷೆ. ಪ್ರತಿ ಅಧ್ಯಾಯದ ಕೊನೆಗೆ ಮಾತ್ರ 'ಕರುಣಾಸಾಗರನು' ಎಂಬ ಮಾತು. ಬತ್ತಿ ಹೊಸೆಯುವವರು ಆ ಮಾತಿಗೆ ಕೈಮುಗಿಯುತ್ತಿದ್ದರು. ನಾನು ಪುಟ ತಿರುಗಿಸುತ್ತಿದ್ದೆ. ದೇವರು ಇರುವನೋ ಇಲ್ಲವೋ ಎಂಬ ತಕರಾರು ನನ್ನದಲ್ಲ. ಇದ್ದರೆ ಇಷ್ಟು ಸಣ್ಣ ಮನಸ್ಸಿನವನಾಗಿ ಯಾಕಿರಬೇಕು ಎಂಬುದಷ್ಟೇ ನನ್ನ ಪ್ರಶ್ನೆ.

ದಕ್ಷಯಜ್ಞದ ಅಧ್ಯಾಯ ಬಂದ ದಿನ ಜಿಟಿಜಿಟಿ ಮಳೆ. ಓಣಿಯವರು ಯಾರೂ ಬರಲಿಲ್ಲ. ಅತ್ತೆ ಗೋಡೆಗೆ ಒರಗಿ ಕುಳಿತರು, ನಾನು ಓದಿದೆ. ಕಥೆ ಎಲ್ಲರಿಗೂ ಗೊತ್ತಿರುವುದೇ. ದಕ್ಷ ಅಳಿಯನಾದ ಶಿವನನ್ನು ಯಜ್ಞಕ್ಕೆ ಕರೆಯಲಿಲ್ಲ. ಕರೆಯದೆಯೂ ಹೋದ ಮಗಳು ಅಲ್ಲಿ ಅವಮಾನವಾಗಿ ಸುಟ್ಟುಕೊಂಡಳು. ಶಿವನ ಸಿಟ್ಟಿನಿಂದ ನಮ್ಮ ವೀರಭದ್ರ ಹುಟ್ಟಿ ಬಂದು ದಕ್ಷನ ತಲೆ ಹಾರಿಸಿದ. ಅಲ್ಲಿ ಕುಳಿತಿದ್ದ ಒಬ್ಬ ದೇವತೆಯ ಹಲ್ಲು ಉದುರಿಸಿದ, ಇನ್ನೊಬ್ಬನ ಕಣ್ಣು ಕಿತ್ತ.

"ಅಲ್ಲೇ ಇನ್ನೊಮ್ಮೆ ಓದು," ಎಂದರು ಅತ್ತೆ.

ಓದಿದೆ.

"ಕಣ್ಣು ಕಿತ್ತದ್ದು, ಅದನ್ನ ಓದವಾ."

ಮೂರನೆಯ ಸಲ ಓದುವಾಗ ಅವರ ಮುಖ ನೋಡಿದೆ. ಬರಬೇಕಾದ್ದು ಬಂದಿದೆ ಎನ್ನುವಂತೆ ತಲೆಯಾಡಿಸುತ್ತಿದ್ದರು. ನನಗೆ ಕೆಂಡದಂಥ ಸಿಟ್ಟು ಬಂತು. ವೀರಭದ್ರನ ಮೇಲೆ, ಶಿವನ ಮೇಲೆ, ನಾನು ಕಾಣದ ಮಾವನ ಮೇಲೆ, ಹಾವೇರಿಯ ಅಪ್ಪನ ಮೇಲೆ, ಇವರ ಮೇಲೂ. ಮುಂದೆ ಪುಸ್ತಕದಲ್ಲಿ ಶಿವ ಶಾಂತನಾಗಿ ದಕ್ಷನಿಗೆ ಟಗರಿನ ತಲೆ ಹಚ್ಚಿ ಬದುಕಿಸುತ್ತಾನೆ. ಅದು ಶಿವನ ಮಿರ್ಚಿ ಭಜಿ. ಆದರೆ ಒಂದೇ ದಿನ ಮಗಳನ್ನೂ ಕಳೆದುಕೊಂಡು, ಗಂಡನ ರುಂಡವನ್ನೂ ನೋಡಿದ ಆ ತಾಯಿಯನ್ನು ಯಾರೂ ಏನೂ ಕೇಳುವುದಿಲ್ಲ. ಆಕೆಗೆ ಒಂದು ಸಾಲು ಕೂಡ ಇಲ್ಲ.

ನಾನು ಪುಟದ ಮೇಲೆ ಕಣ್ಣಿಟ್ಟು, ಅದೇ ರಾಗದಲ್ಲಿ ಓದಿದೆ: "ಸಿಟ್ಟು ಇಳಿದ ಬಳಿಕ ಪರಮೇಶ್ವರನು ಒಳಮನೆಗೆ ಹೋದನು. ಅಲ್ಲಿ ಮಗಳನ್ನು ಕಳೆದುಕೊಂಡ ತಾಯಿಯು ಬಾಗಿಲು ಹಾಕಿಕೊಂಡು ಕುಳಿತಿದ್ದಳು. ಪರಮೇಶ್ವರನು ಹೊರಗೆ ನಿಂತು, 'ಅಮ್ಮಾ, ನಿನ್ನದೇನೂ ತಪ್ಪಿಲ್ಲ. ನನ್ನ ಸಿಟ್ಟಿನಲ್ಲಿ ನಿನ್ನನ್ನು ನಾನು ನೋಡಲೇ ಇಲ್ಲ, ತಪ್ಪಾಯಿತು' ಎಂದನು. ಆಗ ಆ ತಾಯಿಯು ಬಾಗಿಲು ತೆರೆದು ನಮಸ್ಕರಿಸಿದಳು."

ಅತ್ತೆ ಗೋಡೆ ಬಿಟ್ಟು ಮುಂದಕ್ಕೆ ಬಾಗಿದರು.

"ಹಂಗಂತ ಬರದಾರ?"

"ಹೌದ್ರೀ ಅತ್ತಿ, ಬರದಾರ."

"ನಾ ಓದುವಾಗ ಇದ್ದದ್ದು ನೆನಪಿಲ್ಲ."

"ಪುಟಾ ಅಂಟಿಕೊಂಡಿದ್ದೂರಿ," ಎಂದೆ. ಸುಳ್ಳಿಗೆ ಇಳಿದ ಮೇಲೆ ಮೊಣಕಾಲವರೆಗೆ ಎಂದು ನಿಲ್ಲಲಾಗುವುದಿಲ್ಲ.

ನಾಲ್ಕು ದಿನ ಕಳೆದು ಅತ್ತೆ, ರೊಟ್ಟಿ ಬಡಿಯುತ್ತಿದ್ದ ನನ್ನ ಹತ್ತಿರ ತಡವರಿಸುತ್ತ ಬಂದು, "ರಾಣೇಬೆನ್ನೂರಿಗೆ ಹೋಗೂನು. ಅವ್ನಿಗೆ ಹೇಳು," ಎಂದರು. ಗಂಡ ಹಿಗ್ಗಿ ಹೀರೇಕಾಯಿಯಾದ. ಏನು ಮಾಡಿ ಒಪ್ಪಿಸಿದೆ ಎಂದು ಕೇಳಿದ. ಪುರಾಣ ಓದಿದೆ ಎಂದೆ, ಅದು ಖರೇನೇ.

ಬಲಗಣ್ಣಿನ ಆಪರೇಷನ್ ಚೆನ್ನಾಗಿ ಆಯಿತು. ತಿಂಗಳು ಕಳೆದು ದಪ್ಪ ಚಷ್ಮಾ ಬಂತು. ಅದನ್ನು ಹಾಕಿಕೊಂಡು ಮನೆಯೊಳಗೆ ಕಾಲಿಟ್ಟವರು ಮೊದಲು ನೋಡಿದ್ದು ಮೂಲೆಯ ಜೇಡರ ಬಲೆಗಳನ್ನು. "ಅಯ್ಯ ಶಿವನ! ಇಷ್ಟ ದಿನಾ ಇದರಾಗ ಕುಂತಿದ್ದೆನೇನು ನಾ?" ಎಂದು ನನಗೆ ಸರಿಯಾಗಿ ಮಂಗಳಾರತಿ ಮಾಡಿದರು. ಬೈಸಿಕೊಂಡು ಇಷ್ಟು ಖುಷಿಪಟ್ಟದ್ದು ಅದೊಂದೇ ಸಲ.

ಖುಷಿ ಉಳಿದದ್ದು ಮರುದಿನದವರೆಗೆ. "ಪುರಾಣದ ಪುಸ್ತಕಾ ಎಲ್ಲೈತಿ?" ಎಂದು ಕೇಳಿದರು. ಟ್ರಂಕಿನ ತಳದಲ್ಲಿ ಸೀರೆಗಳ ಕೆಳಗೆ ಹುದುಗಿಸಿದ್ದೆ. ಇಲಿ ಕಡಿದಿದೆ, ಯಾರೋ ಒಯ್ದಿದ್ದಾರೆ ಎಂದೆಲ್ಲ ಬಾಯಿಗೆ ಬಂತು, ಆದರೆ ಆ ದಪ್ಪ ಚಷ್ಮಾದ ಹಿಂದಿನ ಕಣ್ಣು ನೋಡಿ ತೆಗೆದುಕೊಟ್ಟೆ. ಅವರು ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿ ಓದುವವರು. ದಿನಾ ಕಸ ಹೊಡೆಯುವ ನೆಪದಲ್ಲಿ ಯಾವ ಪುಟ ಎಂದು ಇಣುಕುತ್ತಿದ್ದೆ. ದಕ್ಷಯಜ್ಞ ಬಂತು. ಅಲ್ಲಿ ಎರಡು ದಿನ ಕುಳಿತರು. ಒಂದು ಪುಟವನ್ನು ಬೆಳಕಿಗೆ ಹಿಡಿದು, ಅಂಚನ್ನು ಉಗುರಿನಿಂದ ಬಿಡಿಸಿ ನೋಡಿದರು. ನನಗೆ ನಿಂತಲ್ಲೇ ನಾಚಿಕೆಯಾಯಿತು. ಮೂರನೆಯ ದಿನ ಮುಂದಿನ ಅಧ್ಯಾಯಕ್ಕೆ ಹೋದರು. ಬೈದಿದ್ದರೆ ಹಗುರಾಗುತ್ತಿದ್ದೆ. ಇನ್ನೊಂದು ಕಣ್ಣಿನ ಆಪರೇಷನ್ ಮಾತು ಎತ್ತುವ ಧೈರ್ಯ ನನಗೆ ಆ ವರ್ಷ ಬರಲಿಲ್ಲ.

ಮರುವರ್ಷ ಶ್ರಾವಣದಲ್ಲಿ ಅತ್ತೆ ತಾವೇ ಓದಲು ಕುಳಿತರು. ಓಣಿಯ ಹೆಂಗಸರೆಲ್ಲ ಬಂದರು. ನಾನು ಅಡುಗೆಮನೆಯ ಬಾಗಿಲಲ್ಲಿ ಅಕ್ಕಿ ಆರಿಸುತ್ತಿದ್ದೆ. ದಕ್ಷಯಜ್ಞದ ದಿನ ತಲೆ ಹಾರಿತು, ಹಲ್ಲು ಉದುರಿತು, ಕಣ್ಣು ಹೋಯಿತು. ಅತ್ತೆ ಅಲ್ಲಿ ನಿಂತರು. ಚಷ್ಮಾ ತೆಗೆದು ಪುಸ್ತಕದ ಮೇಲಿಟ್ಟರು.

"ಸಿಟ್ಟು ಇಳದ ಮ್ಯಾಲೆ ಶಿವಾ ಒಳಮನೀಗೆ ಹೋದ," ಎಂದರು. "ಮಗಳ್ನ ಕಳಕೊಂಡಾಕಿ ಬಾಗಿಲಾ ಹಾಕ್ಕೊಂಡು ಕುಂತಿದ್ಲು. ಯವ್ವಾ, ನಿಂದೇನೂ ತಪ್ಪಿಲ್ಲ, ನಂದ ತಪ್ಪಾತು ಅಂದ. ಆಕಿ ಬಾಗಿಲಾ ತಗೀಲಿಲ್ಲ. ಶಿವಾ ಅಲ್ಲೇ ಬಾಗಿಲ ಹೊಚ್ಚಲದಾಗ ಕುಂತ. ಒಂದ ದಿನಾ ಆತು, ಎರಡ ದಿನಾ ಆತು, ಕುಂತ. ಎದ್ದ ಹೋಗಲಿಲ್ಲ."

ಅಕ್ಕಿಯಲ್ಲಿದ್ದ ನನ್ನ ಕೈ ನಿಂತಿತು. ಬತ್ತಿ ಹೊಸೆಯುತ್ತಿದ್ದ ಕೈಗಳೂ ನಿಂತವು.

"ಹಂಗಂತ ಬರದಾರೇನ್ರಿ?" ಒಬ್ಬಾಕೆ ಕೇಳಿದಳು.

"ಬರದಾರ. ಹೋದ ವರ್ಷ ನಮ್ಮ ಸೊಸಿ ಓದ್ಯಾಳ. ಬೇಕಾದ್ರ ಆಕಿನ್ನ ಕೇಳ್ರಿ."

ಎಲ್ಲರೂ ನನ್ನ ಕಡೆ ತಿರುಗಿದರು. ಅತ್ತೆಯೂ ತಿರುಗಿದರು. ಚಷ್ಮಾ ಇಲ್ಲದ ಆ ಕಣ್ಣಿಗೆ ನಾನು ಎಷ್ಟು ಕಾಣುತ್ತಿದ್ದೆನೋ.

"ಹೌದ್ರೀ," ಎಂದೆ. "ಬರದಾರ."

"ಕಡೀಕ ತಗದ್ಲೇನ್ರಿ ಬಾಗಿಲಾ?"

ಅತ್ತೆ ಚಷ್ಮಾ ಒರೆಸಿ ಹಾಕಿಕೊಂಡರು. ಬಿಟ್ಟ ಸಾಲಿನ ಮೇಲೆ ಬೆರಳಿಟ್ಟರು.

"ಅದನ್ನ ಇನ್ನೂ ಬರದಿಲ್ಲ," ಎಂದರು.