ಬೇಡವೆಂದು ಬರೆದುಕೊಟ್ಟ ಬಡ್ತಿ

ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ನಾನು ಯಲಹಂಕದ ಕಡೆಯ ಒಂದು ಕಾರ್ಖಾನೆಯಲ್ಲಿ ರೇಡಿಯೋ ಬಿಡಿಭಾಗಗಳಿಗೆ ಬೆಸುಗೆ ಹಾಕುವ ಕೆಲಸದಲ್ಲಿದ್ದೆ. ಮನೆ ಆರ್.ಟಿ. ನಗರದಲ್ಲಿ. ಇಬ್ಬರು ಹೆಣ್ಣುಮಕ್ಕಳು, ಗಂಡ ಸಿಟಿಯ ಒಂದು ಆಫೀಸಿನಲ್ಲಿ ಗುಮಾಸ್ತರು. ಬೆಳಗಾದರೆ ಹಾಲಿನ ಬೂತಿನ ಸಾಲು, ಅಡುಗೆ, ಮಕ್ಕಳ ಜಡೆ, ಏಳೂಕಾಲಿಗೆ ಫ್ಯಾಕ್ಟರಿ ಬಸ್ಸು. ಇದರ ನಡುವೆ ಯಾವಾಗಲೋ ನನಗೊಂದು ಹಸಿವು ಶುರುವಾಗಿತ್ತು. ದೇವರಿಗೆ ದೀಪ ಹಚ್ಚಿದರೆ ತೀರುವಂಥದ್ದಲ್ಲ. ಯಾರ ಹೆಂಡತಿಯೂ ಯಾರ ತಾಯಿಯೂ ಆಗದೆ ಸ್ವಲ್ಪ ಹೊತ್ತು ಸುಮ್ಮನೆ ಇರಬೇಕು ಅನ್ನುವ ಹಸಿವು.

ಗಂಗಾನಗರದಲ್ಲಿ ಒಬ್ಬರು ನಿವೃತ್ತ ಟೀಚರು ಪ್ರತಿ ಗುರುವಾರ ಸಂಜೆ ಮನೆಯಲ್ಲೇ ಧ್ಯಾನ ಹೇಳಿಕೊಡುತ್ತಾರೆಂದು ಕೇಳಿ ಹೋದೆ. ಎಲ್ಲರೂ ಅವರನ್ನು ಅಕ್ಕ ಎನ್ನುತ್ತಿದ್ದರು. ಕಾವಿ ಇಲ್ಲ, ಕಾಣಿಕೆ ಇಲ್ಲ. ನೂಲಿನ ಸೀರೆ ಉಟ್ಟು ಚಾಪೆಯ ಮೇಲೆ ನಮ್ಮ ಜೊತೆಗೇ ಕೂರುತ್ತಿದ್ದರು. ಮೊದಲ ದಿನ ಕಣ್ಣು ಮುಚ್ಚಿದವಳು ಗೋಡೆಗೆ ಒರಗಿ ನಿದ್ದೆಹೋದೆ. ಎಚ್ಚರವಾದಾಗ ಉಳಿದವರೆಲ್ಲ ಹೊರಟುಹೋಗಿದ್ದರು. ನನ್ನ ಮೇಲೆ ಒಂದು ಹೊದಿಕೆ ಇತ್ತು. ನಾಚಿಕೆಯಿಂದ ಎದ್ದೆ. "ಅದ್ಯಾಕೆ ಮುಖ ಹಂಗ್ ಮಾಡ್ಕೋತೀಯ? ದಣಿವು ಹೋದ್ಮೇಲೆ ತಾನೇ ಧ್ಯಾನ? ಮುಂದಿನ ವಾರ ಬಾ" ಎಂದು ಕಾಫಿ ಕೊಟ್ಟರು. ಮದುವೆಯಾದ ಮೇಲೆ ನಾನು ಮಲಗಿದ್ದಾಗ ನನ್ನನ್ನು ಎಬ್ಬಿಸದೆ ಬಿಟ್ಟ ಮೊದಲ ಮನುಷ್ಯರು ಅವರು.

ಐದು ವರ್ಷ ಹೋದೆ. ಗುರುವಾರ ಬಂತೆಂದರೆ ಗಂಡ "ಇವತ್ತೂ ಉಪ್ಪಿಟ್ಟಾ" ಎಂದು ಗೊಣಗಿಕೊಂಡೇ ಮಕ್ಕಳ ಲೆಕ್ಕ ನೋಡುತ್ತಿದ್ದರು. ನಾನು ನಸುಕಿಗೇ ಎದ್ದು ಅಡುಗೆಮನೆಯ ಮೂಲೆಯಲ್ಲಿ ಮಣೆ ಹಾಕಿಕೊಂಡು ಕೂರುವುದನ್ನು ರೂಢಿ ಮಾಡಿಕೊಂಡೆ. ಒಳಗೆ ಏನೋ ತಿಳಿಯಾಗುತ್ತಿತ್ತು. ಅದು ಸುಳ್ಳಲ್ಲ, ಈಗಲೂ ಹೇಳುತ್ತೇನೆ. ಮನಸ್ಸಿನಲ್ಲಿದ್ದದ್ದನ್ನೆಲ್ಲ ಅಕ್ಕನ ಮುಂದೆ ಇಡುತ್ತಿದ್ದೆ. ಒಂದು ಯುಗಾದಿಯ ಮುಂಚೆ ಹಾಗೆಯೇ ಹೇಳಿದ್ದೆ: ನಮ್ಮ ವಿಭಾಗದಲ್ಲಿ ಸೂಪರ್‌ವೈಸರ್ ಜಾಗ ಖಾಲಿಯಾಗುತ್ತದೆ, ಸೀನಿಯಾರಿಟಿಯಲ್ಲಿ ನನ್ನ ಹೆಸರೇ ಮೊದಲು, ಆದರೆ ವಾರ ಬಿಟ್ಟು ವಾರ ಸೆಕೆಂಡ್ ಶಿಫ್ಟ್ ಮಾಡಬೇಕು, ಭಯವಾಗುತ್ತದೆ ಎಂದು. ಅವರು ಕೇಳಿಸಿಕೊಂಡು ಕಾಫಿ ಮಾಡಲು ಎದ್ದರು.

ಅದೇ ವರ್ಷ ಶ್ರಾವಣದಲ್ಲಿ ಬಡ್ತಿಯ ಕಾಗದ ಬಂತು. ಒಪ್ಪಿಗೆಯನ್ನೋ ನಿರಾಕರಣೆಯನ್ನೋ ವಾರದೊಳಗೆ ಬರೆದುಕೊಡಬೇಕಿತ್ತು. ನೇರ ಅಕ್ಕನ ಮನೆಗೆ ಹೋದೆ. ಅವರು ಬಹಳ ಹೊತ್ತು ಕಣ್ಣು ಮುಚ್ಚಿ ಕೂತಿದ್ದು ಹೇಳಿದರು, "ನೀನು ಈಗ ಬಾಗಿಲ ಹತ್ರ ಬಂದಿದೀಯ. ಈ ಕುರ್ಚಿ ಹತ್ತಿದ್ರೆ ನಲವತ್ತು ಜನರ ಜಗಳ ತಲೇಲಿ ತುಂಬ್ಕೋತೀಯ. ಸಂಸಾರ, ಕೆಲಸ, ಸಾಧನೆ, ಮೂರೂ ಇದೆ. ನಾಲ್ಕನೇದು ಬೇಡ. ಬೇಡ ಅಂತ ಬರ್ಕೊಡು."

ಮಾರನೆಯ ದಿನವೇ ಬರೆದುಕೊಟ್ಟೆ. ಆಮೇಲೆ ಮನೆಯಲ್ಲಿ ಹೇಳಿದೆ. ಗಂಡ ಊಟದ ತಟ್ಟೆಯಿಂದ ತಲೆ ಎತ್ತಲಿಲ್ಲ.

"ನಂಗೆ ಸಿಟ್ಟು ಬಂದಿರೋದು ಬಡ್ತಿ ಹೋಗಿದ್ದಕ್ಕಲ್ಲ" ಎಂದರು. "ಅವರನ್ನ ಕೇಳ್ದೆ. ನನ್ನನ್ನ ಕೇಳ್ಲಿಲ್ಲ."

ಅವರ ಮಾತು ಆಗ ನನಗೆ ಬರೀ ಸಂಸಾರದ ಬಂಧನದ ಮಾತಾಗಿ ಕೇಳಿಸಿತು. ನಾನು ಏನನ್ನೋ ಬಿಟ್ಟಿದ್ದೇನೆ, ಮೇಲೇರಿದ್ದೇನೆ ಎಂಬ ಹಮ್ಮಿನಲ್ಲಿದ್ದೆ.

ತಿಂಗಳ ಕೊನೆಗೆ ಆ ಜಾಗಕ್ಕೆ ನನಗಿಂತ ಚಿಕ್ಕ ಹುಡುಗಿಯೊಬ್ಬಳು ಬಂದಳು. ಪಟ್ಟಿಯಲ್ಲಿ ನನ್ನ ನಂತರದವಳು. ಕೆಲಸದಲ್ಲಿ ಚುರುಕು, ಒಳ್ಳೆಯ ಹುಡುಗಿ. ಊಟದ ಹೊತ್ತಿಗೆ ಮೈಸೂರುಪಾಕಿನ ಡಬ್ಬಿ ಹಿಡಿದು ನನ್ನ ಹತ್ತಿರವೇ ಮೊದಲು ಬಂದಳು.

"ಮೇಡಂ, ನಿಮ್ಮ ಉಪಕಾರ ಮರೆಯಲ್ಲ. ನಮ್ಮತ್ತೆ ಯುಗಾದಿ ಹಬ್ಬಕ್ಕೆ ಬಂದಾಗ್ಲೇ ಹೇಳಿದ್ರು, 'ನೀನೇನೂ ಯೋಚ್ನೆ ಮಾಡ್ಬೇಡ, ಅವಳು ಒಪ್ಕೊಳಲ್ಲ, ನಾನು ಮಾತಾಡ್ತೀನಿ' ಅಂತ."

"ನಿಮ್ಮತ್ತೆ ಯಾರಮ್ಮ?"

"ಅಯ್ಯೋ, ಗಂಗಾನಗರದ ಅಕ್ಕ. ನಮ್ಮಪ್ಪನ ಸ್ವಂತ ಅಕ್ಕ. ನಿಮ್ಗೆ ಗೊತ್ತಿರ್ಲಿಲ್ವಾ?"

ಸಿಹಿಯ ತುಂಡು ಕೈಯಲ್ಲೇ ಇತ್ತು. ತಿಂದೆ. ಅವಳ ಎದುರು ತಿನ್ನದೆ ಇರಲಾಗಲಿಲ್ಲ.

ಆ ಗುರುವಾರ ಬೇರೆಯವರು ಬರುವ ಮೊದಲೇ ಹೋದೆ. ಅಕ್ಕ ಬೆಳ್ಳುಳ್ಳಿ ಸುಲಿಯುತ್ತಿದ್ದರು. ಅವಳು ನಿಮ್ಮ ತಮ್ಮನ ಮಗಳೇ ಎಂದು ಕೇಳಿದೆ. ಅವರು ತಡಬಡಾಯಿಸಲಿಲ್ಲ.

"ಹೌದು. ಅವಳಿಗೆ ಮದ್ವೆ ಆಗ್ಬೇಕು, ಅಪ್ಪನಿಗೆ ಹುಷಾರಿಲ್ಲ. ನಿನಗೆ ಎಲ್ಲಾ ಇದೆ."

"ಹಾಗಂತ ನನಗೆ ಹೇಳ್ಬೋದಿತ್ತಲ್ಲ ಅಕ್ಕ. ಕೇಳಿದ್ರೆ ಬಿಟ್ಟುಕೊಡ್ತಿದ್ದೆನೇನೋ. ಧ್ಯಾನದ ಹೆಸರು ಯಾಕೆ ತಂದ್ರಿ?"

ಅವರು ಸಿಪ್ಪೆಯನ್ನು ಮೊರಕ್ಕೆ ಹಾಕಿ ನನ್ನ ಮುಖ ನೋಡಿದರು. "ಕುರ್ಚಿ ಮೇಲಿನ ಆಸೆ ಇನ್ನೂ ಹೋಗಿಲ್ಲ ಅಂದ್ರೆ, ಐದು ವರ್ಷ ಇಲ್ಲಿ ಕೂತು ಏನ್ ಮಾಡ್ದೆ?"

ಮೋಸವಾದದ್ದು ಬಡ್ತಿಯಲ್ಲಲ್ಲ, ಈ ಮಾತಿನಲ್ಲಿ. ನನ್ನ ಅತಿ ಒಳಗಿನ ಜಾಗಕ್ಕೆ ನಾನೇ ಕೈಹಿಡಿದು ಕರೆದುಕೊಂಡು ಹೋಗಿದ್ದೆ ಅವರನ್ನು. ಅಲ್ಲಿ ಎಲ್ಲಿ ತಿವಿದರೆ ನಾನು ಬಾಯಿ ಮುಚ್ಚುತ್ತೇನೆಂದು ಅವರಿಗೆ ಗೊತ್ತಿತ್ತು. ಬಾಯಿ ಮುಚ್ಚಿಕೊಂಡೇ ಎದ್ದು ಬಂದೆ.

ಮನೆಗೆ ಬಂದು ಗಂಡನಿಗೆ ಎಲ್ಲ ಹೇಳಿದೆ. ಅವರು ನನ್ನನ್ನು ಆಡಿಕೊಳ್ಳಲಿಲ್ಲ. "ಹೋಗ್ಲಿ ಬಿಡು" ಎಂದು ಬಟ್ಟೆ ಒಣಹಾಕಲು ಹೊರಗೆ ಹೋದರು. ಬೈದಿದ್ದರೆ ಹಗುರಾಗುತ್ತಿತ್ತೇನೋ. ಅವರಿಗೆ ನಾನು ಮಾಡಿದ್ದೂ ಚಿಕ್ಕದಲ್ಲ ಎಂದು ಆಗ ಗೊತ್ತಾಯಿತು.

ಆಮೇಲೆ ಎರಡು ವರ್ಷ ನಾನು ಕೂರಲಿಲ್ಲ. ಮಣೆಯನ್ನು ಅಕ್ಕಿ ಚೀಲದ ಕೆಳಗೆ ಇಟ್ಟುಬಿಟ್ಟೆ. ಎಂಬತ್ತರ ದಶಕದ ನಡುವೆ ಇನ್ನೊಂದು ಜಾಗ ಖಾಲಿಯಾದಾಗ ಮನೆಯಲ್ಲಿ ನಾಲ್ಕೂ ಜನ ಕೂತು ಮಾತಾಡಿದೆವು. ದೊಡ್ಡ ಮಗಳು "ನಾನು ಅನ್ನ ಮಾಡ್ತೀನಮ್ಮ, ನೀನು ಹೋಗು" ಎಂದಳು. ಒಪ್ಪಿಕೊಂಡೆ. ಸೆಕೆಂಡ್ ಶಿಫ್ಟ್ ವಾರಗಳಲ್ಲಿ ಬೆಳಗಿನ ಹೊತ್ತು ಮನೆ ಖಾಲಿ ಇರುತ್ತಿತ್ತು. ಒಂದು ದಿನ ನಾನಾಗಿಯೇ ಕಣ್ಣು ಮುಚ್ಚಿ ಕೂತೆ. ಮರುದಿನವೂ.

ಅದಾಗಿ ಕೆಲವು ತಿಂಗಳಿಗೆ ಹೆಬ್ಬಾಳದ ಬಸ್ ಸ್ಟಾಪಿನಲ್ಲಿ ಅಕ್ಕ ಸಿಕ್ಕಿದರು. ತೆಳ್ಳಗಾಗಿದ್ದರು. ಏನೂ ಆಗಿಲ್ಲವೆಂಬಂತೆ ನನ್ನ ಭುಜದ ಮೇಲೆ ಕೈಯಿಟ್ಟು ಕೇಳಿದರು, "ಧ್ಯಾನ ನಡೀತಿದೆಯೇನೇ?"

"ಇಲ್ಲ" ಎಂದೆ.

ಅವರಿಗೆ ನಾನು ಹೇಳಿದ ಮೊದಲ ಸುಳ್ಳು ಅದು. ಅವರು ಮರುಕದಿಂದ ತಲೆಯಾಡಿಸಿದರು. ಅಷ್ಟರಲ್ಲಿ ಯಾವುದೋ ಬಸ್ಸು ಬಂತು, ನನ್ನ ಬಸ್ಸಲ್ಲ. ಹತ್ತಿಬಿಟ್ಟೆ. ಮುಂದಿನ ಸ್ಟಾಪಿನಲ್ಲಿ ಇಳಿದು ಮನೆಯವರೆಗೂ ನಡೆದುಕೊಂಡು ಬಂದೆ.