ನಳಿಗೆಯ ಬಾಯಲ್ಲಿ ನಿಂಬೆಹಣ್ಣು

ದುಮ್ಮವಾಡದ ಕಲಾಯಿ ಬಾಷಾಸಾಬ ಯಾರನ್ನೂ ಮೆಚ್ಚಿಸಲು ಹುಟ್ಟಿದವನಲ್ಲ. ಕಲಾಯಿ ಹೋದ ಪಾತ್ರೆಯಲ್ಲೇ ಹುಳಿ ಕುದಿಸಿ ತಂದ ಹೆಂಗಸರಿಗೆ, "ಮನಿಮಂದಿಗೆ ವಿಷಾ ಹಾಕಾಕ ಇಷ್ಟು ಅವಸರ ಏನಬೇ?" ಎಂದು ಬೈದೇ ತವರ ಬಳಿಯುತ್ತಿದ್ದ. ಬೈಸಿಕೊಂಡೂ ಜನ ಬರುತ್ತಿದ್ದರು. ನಾಡಬಂದೂಕಿನ ತುಕ್ಕು ತೆಗೆಯುವುದೂ ಅವನಿಗೆ ಗೊತ್ತಿತ್ತು.

ಎಪ್ಪತ್ನಾಲ್ಕರ ದಸರೆ ಮುಗಿದ ವಾರ ಕುಬೇರಪ್ಪಗೌಡ ತನ್ನ ಬಂದೂಕು ತಂದ. ಬಾಯಿಯಿಂದ ಮದ್ದು ಜಡಿಯುವ ಹಳೆಯದು. ಪರವಾನಗಿ ಗೌಡನದು, ಹೊಲಕ್ಕೆ ಹಂದಿ ಬಂದರೆ ಹಾರಿಸುವವನು ಕಾವಲಿನ ಆಳು ಸಣ್ಣಪ್ಪ. ಅವನೂ ಹಿಂದೆ ನಿಂತಿದ್ದ.

"ಅಳ್ನಾವರದಾಗ ಒಬ್ಬಾವ ನಿಕಲ್ ಹೊಡಿಸ್ಯಾನ, ತುಕ್ಕ ಹಿಡಿಯಂಗಿಲ್ಲಂತ. ಇದಕ್ಕ ಒಳಗೂ ಹೊರಗೂ ಕಲಾಯಿ ಹಾಕು."

"ಒಳಗ ತವರ ನಿಲ್ಲೂದಿಲ್ರಿ, ಮದ್ದಿನ ಬೆಂಕಿಗೆ ಕರಗತೈತಿ. ಇದನ್ನ ಕುದಿಯೋ ನೀರಿಲೆ ತೊಳದದ್ದು ಯಾವಾಗ?"

"ಎಣ್ಣಿ ಹಚ್ಚತೀವಿ."

"ಮದ್ದಿನ ಉಪ್ಪು ಎಣ್ಣಿಗೆ ಬಿಡತೈತೇನ್ರಿ?"

ಬಾಷಾಸಾಬ ನಳಿಗೆಯನ್ನು ಮೂಸಿದ. ಹುಳಿ ವಾಸನೆ. ದಸರೆಯಲ್ಲಿ ಆಯುಧಗಳಿಗೆ ಮಾಡುವ ಖಂಡೇಪೂಜೆಗೆ ಗೌಡರ ಮನೆಯಲ್ಲಿ ನಿಂಬೆಹಣ್ಣು ಕೊಯ್ದು, ಕುಂಕುಮ ಹಚ್ಚಿ, ನಳಿಗೆಯ ಬಾಯಿಗೆ ಸಿಕ್ಕಿಸುತ್ತಿದ್ದರು. ಪೂಜೆಯಾದ ಬಂದೂಕಿಗೆ ನೀರು ಮುಟ್ಟಿಸುವಂತಿಲ್ಲ. ಹಣ್ಣು ಬಾಡಿ ತಾನೇ ಬೀಳಬೇಕು. ವರ್ಷವರ್ಷದ ರಸ ಇಳಿದು, ಬುಡದಲ್ಲಿ ಮದ್ದಿನ ಕಿಟ್ಟದ ಜೊತೆ ಸೇರಿ ಕಬ್ಬಿಣವನ್ನು ತಿಂದಿತ್ತು.

ಕಿಡಿ ಹೋಗುವ ತೂತಿಗೆ ಕಡ್ಡಿ ಜಡಿದು, ನಳಿಗೆ ತುಂಬ ಕುದಿನೀರು ಹೊಯ್ದ. ಬುಡದ ಮಗ್ಗುಲಿನಿಂದ ನೀರು ಒಸರಿತು.

"ಇಲ್ಲೇ ಒಡೀತೈತಿ. ಹಾರಸಾವನ ಕಣ್ಣು ಇದರ ಬಾಜೂಕ ಇರತೈತಿ."

"ಮ್ಯಾಲೆ ಕಲಾಯಿ ಬಳಿ. ಕೇಳಿದ್ದು ಅಷ್ಟ."

"ಹಂಗಾರ ಈಗ ನೀವ ಹಾರಸ್ರಿ. ನಾ ಮದ್ದು ತುಂಬಿ ಕೊಡತೇನಿ."

ಗೌಡ ಬಂದೂಕು ಮುಟ್ಟಲಿಲ್ಲ. "ಲೇ ಸಣ್ಣಪ್ಪಾ, ತುಗೋ. ಹುಬ್ಬಳ್ಳ್ಯಾಗ ಹಾಕಸೂಣು" ಎಂದ.

ಸಣ್ಣಪ್ಪ ಕೈ ಚಾಚುವ ಮೊದಲೇ ಬಾಷಾಸಾಬ ನಳಿಗೆಯನ್ನು ಅಡಿಗಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಎರಡೇಟು ಹಾಕಿದ. ಒಸರುತ್ತಿದ್ದ ಜಾಗ ಹಪ್ಪಳದಂತೆ ಒಡೆಯಿತು.

ಗೌಡ ಪೊಲೀಸರಿಗೆ ಹೇಳಲಿಲ್ಲ; ಹೇಳಿದರೆ ಆಳಿನ ಕೈಗೆ ಬಂದೂಕು ಕೊಟ್ಟದ್ದು ಹೊರಬೀಳುತ್ತಿತ್ತು. ಊರಿಗೆ ಮಾತ್ರ ಹೇಳಿದ, ಅವನಿಗೆ ಪಾತ್ರೆ ಕೊಡಬೇಡಿರೆಂದು. ಊರು ಕೇಳಿತು. ಕಾವಲಿನ ಕೆಲಸ ಕಳೆದುಕೊಂಡ ಸಣ್ಣಪ್ಪ ಬಂದು, "ನನ್ನ ಹೊಟ್ಟಿ ಮ್ಯಾಲೆ ಹೊಡದಿ" ಎಂದು ಅವನ ಕುಲುಮೆಯ ತಿದಿಯ ಮೇಲೆ ಉಗುಳಿದ.

"ಉಗುಳು. ಎರಡೂ ಕಣ್ಣಿಲೆ ನೋಡಿ ಉಗುಳು" ಎಂದ ಬಾಷಾಸಾಬ.

ಆಮೇಲೆ ಐದಾರು ವರ್ಷ ತಿದಿ ಹೊತ್ತು ಸಂಶಿಯವರೆಗೂ ಊರೂರು ತಿರುಗಿದ. ಈ ವರ್ಷ ಬೇಸಿಗೆಯಲ್ಲಿ ಕೆಮ್ಮಿ ಕೆಮ್ಮಿ ಸತ್ತ. ಮಣ್ಣಿಗೆ ಆರು ಜನ ಬಂದಿದ್ದರು. ಸಣ್ಣಪ್ಪ ಬರಲಿಲ್ಲ.

ಗೌಡ ಬೇರೆ ಬಂದೂಕು ತಂದಿದ್ದಾನೆ, ಹೊರಗೆ ನಿಕಲ್ ಹೊಡೆಸಿದ್ದು. ಕಾಯುವವನು ಮತ್ತೆ ಸಣ್ಣಪ್ಪನೇ. ಈ ಸಲವೂ ಅದರ ಬಾಯಿಗೆ ನಿಂಬೆಹಣ್ಣು ಸಿಕ್ಕಿಸಿದರು. ಸಣ್ಣಪ್ಪ ಹೊಲ ಮುಟ್ಟಿದ ಕೂಡಲೇ ಹಣ್ಣು ಕಿತ್ತೆಸೆದು, ಮೂರು ಕಲ್ಲು ಹೂಡಿ ನೀರು ಕುದಿಸುತ್ತಾನೆ. ಯಾಕೆಂದು ಕೇಳಿದರೆ ಬಾಷಾಸಾಬನನ್ನು ಬೈಯುತ್ತಾನೆ.