ಎಲ್ಲರಿಗೂ ಕಾಣುವ ಕೀಲಿಕೈ

ಅತ್ತೆಯನ್ನು ಖಾನಾಪುರದ ಡಾಕ್ಟರಿಗೆ ತೋರಿಸಲೆಂದು ನಂದಗಡದ ಅವರ ಮನೆಗೆ ಹೋಗಿದ್ದೆ. ಅವರ ಹೃದಯದ ಹಳೇ ರಿಪೋರ್ಟು ಮಾತ್ರ ಬೆಳಗಾವಿಯಲ್ಲಿ, ನಮ್ಮ ಮನೆಯ ಲಿನಕ್ಸ್ ಕಂಪ್ಯೂಟರಿನಲ್ಲಿ ಉಳಿದಿತ್ತು. ದೂರದಿಂದಲೇ ಅದರೊಳಗೆ ಹೋಗುವ ಕೀಲಿಕೈ ಫೈಲು ನನ್ನ ಲ್ಯಾಪ್‌ಟಾಪಿನಲ್ಲೇನೋ ಇತ್ತು. ಆದರೆ, ‘ಇದನ್ನು ಯಾರು ಬೇಕಾದರೂ ಓದಬಹುದು, ನಾನು ಒಪ್ಪುವುದಿಲ್ಲ’ ಎಂದಿತು ಲ್ಯಾಪ್‌ಟಾಪು. ಮಾತುಮಾತಿಗೂ ಅನುಮತಿ ಕೇಳುತ್ತದೆಂದು ರೇಗಿ, ಹಿಂದಿನ ವಾರ ನಾನೇ ಅದರ ಫೈಲುಗಳನ್ನೆಲ್ಲ ಎಲ್ಲರಿಗೂ ತೆರೆದಿಟ್ಟಿದ್ದೆ.

ಅತ್ತೆಗೆ ವಿಷಯ ಹೇಳಿದೆ.

“ಕೀಲಿಕೈ ಓಣಿಗೆಲ್ಲಾ ತೋರ್ಸಿದ್ರ ಕೀಲಿ ಯಾಕ ಹಾಕ್ಬೇಕ್ರೀ?” ಎಂದರು.

ಆ ಫೈಲನ್ನು ನನಗೊಬ್ಬನಿಗೇ ಮೀಸಲಿಟ್ಟೆ. ರಿಪೋರ್ಟು ಮೊಬೈಲಿಗೆ ಬಂತು. ಹೋದ ಜೀವ ಬಂದಂತಾಯಿತು.

ಹೊರಡುವಾಗ ಅತ್ತೆ ಬಾಗಿಲಿಗೆ ಕೀಲಿ ಹಾಕಿ, ಕೀಲಿಕೈಯನ್ನು ಪಕ್ಕದ ಮೊಳೆಗೆ ತೂಗುಹಾಕಿದರು.

“ಬಾಜೂ ಮನಿಯವರ ಹಾಲು ನಮ್ಮ ಫ್ರಿಜ್ಜಿನ್ಯಾಗ ಐತ್ರೀ.”

ನನ್ನ ಲ್ಯಾಪ್‌ಟಾಪೂ ಒಳಗೇ ಇತ್ತು. ಮೊಳೆಯತ್ತ ಇನ್ನೊಮ್ಮೆ ನೋಡಿ ಗಾಡಿ ಹತ್ತಿದೆ.